ಹೊಗೆಯ ಮುಸುಕೂ ಬತ್ತದ ಬೆಳೆಯೂ

ಮಾಗಿಯ ಕಾಲದ ಸಂಜೆ ಊರ ಹೊರಗಿನ ದಿಣ್ಣೆಯ ಮೇಲೆ ನಿಂತು ನೋಡಿದವರಿಗೆ, ಮನೆಮನೆಯ ಒಲೆಗಳಿಂದೆದ್ದ ಹೊಗೆಯು ಮೇಲಕ್ಕೆ ಹೋಗಲಾರದೆ, ಮಾಡುಗಳ ಮೇಲೆ ಆಳೆರಡಾಳೆತ್ತರದಲ್ಲಿ ಹಾಸಿದ ಬಟ್ಟೆಯಂತೆ ನಿಂತಿರುವುದು ಕಾಣುತ್ತದೆ. ಮಾರನೆಯ ದಿನ ಹೊತ್ತೇರುವುದರೊಳಗೆ ಅದು ಕಣ್ಣಿಗೆ ಮರೆಯಾಗುವುದರಿಂದ ಅದರ ವಿಚಾರವನ್ನು ಯಾರೂ ಆಲೋಚಿಸುವುದಿಲ್ಲ. ಆದರೆ ಮರೆಯಾದ ಮಾತ್ರಕ್ಕೆ ಹೊಗೆಯು ಇಲ್ಲದಂತಾಗಲಿಲ್ಲ. ಅದು ಗಾಳಿಯೊಡನೆ ಮೇಲೆದ್ದು, ಪಟ್ಟಣಗಳ ಮೋಟಾರುಗಳ, ಕಾರ್ಖಾನೆಗಳ, ಇಟ್ಟಿಗೆಗೂಡುಗಳ ಹೊಗೆಯೊಡನೆ ಬೆರೆತು, ನೂರಾರು ಮೈಲಿ ಸಂಚರಿಸಿ ಸಮುದ್ರವನ್ನೂ ಸೇರುತ್ತದೆ. ಹಾಗೆ ಹೋದ ಹೊಗೆಯು ಬಿಸಿಲನ್ನೂ ಮಳೆಯನ್ನೂ ಬೆಳೆಯನ್ನೂ ಯಾವ ರೀತಿಯಲ್ಲಿ ಮುಟ್ಟುತ್ತದೆಂಬುದನ್ನು ಊಹೆಯಿಂದಲ್ಲದೆ ಅಳತೆಯಿಂದ ತಿಳಿಯಲು ಶ್ರಮಪಟ್ಟವರಲ್ಲಿ ವೀರಭದ್ರನ್ ರಾಮನಾಥನ್‌ರವರು ಮುಖ್ಯರು. ಜಮೀನುಳ್ಳವರೂ ಗ್ರಾಮದ ಯಜಮಾನರೂ ತಿಳಿದಿರತಕ್ಕ ಸಂಗತಿಗಳು ಇವರ ಕೆಲಸದಲ್ಲಿ ಹಲವಿರುವುದರಿಂದ ಅದರ ವೃತ್ತಾಂತವನ್ನು ಇಲ್ಲಿ ಕೊಡಲಾಗಿದೆ.

ರಾಮನಾಥನ್‌ರವರು 1944ನೆಯ ಇಸವಿಯಲ್ಲಿ ತಮಿಳು ಸೀಮೆಯಲ್ಲಿ ಜನಿಸಿದರು. ಇವರಿಗೆ 11 ವರ್ಷ ವಯಸ್ಸಾಗಿದ್ದಾಗ ಕುಟುಂಬವು ಬೆಂಗಳೂರಿಗೆ ಬಂದು ನೆಲಸಿತು. ಅದುವರೆಗೆ ತಮಿಳಿನಲ್ಲಿ ಓದಿದ್ದ ಹುಡುಗನಿಗೆ ಬೆಂಗಳೂರಿನ ಶಾಲೆಯ ಇಂಗ್ಲಿಷ್ ಪಾಠಗಳು ತಿಳಿಯದೆ ಹೋದುವು. ಉಪಾಧ್ಯಾಯರ ಮಾತನ್ನು ಕೇಳುವ ಅಭ್ಯಾಸವೇ ತಪ್ಪಿ, ಯಾವುದನ್ನಾದರೂ ತಾವೇ ಆಲೋಚಿಸಿ ತಿಳಿದುಕೊಳ್ಳಬೇಕಾಯಿತೆಂದು ಇವರು ಮುಂದೆ ಹೇಳಿಕೊಂಡಿರುವರು. ಆ ಕಾಲಕ್ಕೆ ಕಷ್ಟವೆಂದು ತೋರಿದ ಈ ಅಭ್ಯಾಸವು ಮುಂದೆ ಇವರಿಗೆ ಉಪಕಾರವನ್ನೇ ಮಾಡಿದಂತೆ ಕಾಣುತ್ತದೆ. ಅಣ್ಣಾಮಲೈ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ಪದವಿಯನ್ನು ಪಡೆದ ತರುವಾಯ, ಸಿಕಂದರಾಬಾದಿನಲ್ಲಿ ಶೀತಕ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಇವರು ಕೆಲಸಕ್ಕೆ ಸೇರಿದರು. ಯಂತ್ರಗಳೊಳಗೆ ತುಂಬಿದ ತಂಪುಮಾಡುವ ಅನಿಲವು ಸಂದುಗಳಿಂದ ಸೋರಿಹೋಗುತ್ತಿದ್ದಿತು. ಅದನ್ನು ನಿಲ್ಲಿಸುವ ಉಪಾಯವನ್ನು ಕಂಡುಹಿಡಿಯುವುದು ಇವರ ಪಾಲಿಗೆ ಬಂದ ಕೆಲಸ. ಆ ಅನಿಲದ ಹೆಸರು ಕ್ಲೋರೋಫ್ಲೋರೋಕಾರ್ಬನ್. ಸೋರಿದ ಅನಿಲವು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಯನ್ನು ಆಗ ಯಾರೂ ಕೇಳುತ್ತಿರಲಿಲ್ಲ.

ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಜನರು ತಾತಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಯಲ್ಲಿ, ವ್ಯಾಸಂಗ ಮಾಡಿ 1970ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಹೊರಟರು. ನ್ಯೂಯಾರ್ಕ್ ಪ್ರಾಂತದ ಸ್ಟೋನಿಬ್ರೂಕ್ ಎಂಬಲ್ಲಿನ ವಿಶ್ವವಿದ್ಯಾನಿಲಯದಲ್ಲಿ ರಾಬರ್ಟ್ ಸೆಸ್ ಎಂಬ ಆಚಾರ್ಯರ ಬಳಿ ಎಂಜಿನಿಯರಿಂಗ್ ಸಂಶೋಧನೆ ಮಾಡಬೇಕೆಂಬುದು ಇವರ ಉದ್ದೇಶವಾಗಿದ್ದಿತು. ಆದರೆ ಶಿಷ್ಯರು ಹೋಗಿ ಸೇರುವ ಹೊತ್ತಿಗೆ ಗುರುಗಳು ತಮ್ಮ ವಿಷಯವನ್ನೇ ಬದಲಾಯಿಸಿ, ಶುಕ್ರ ಮಂಗಳ ಮುಂತಾದ ಗ್ರಹಗಳ ಮೇಲಣ ವಾಯುವನ್ನು ಕುರಿತು ಶೋಧಿಸಲು ತೊಡಗಿದ್ದರು. ಹೀಗೆ ಕಾರ್ಖಾನೆಯ ಎಂಜಿನಿಯರರು ಆಕಾಶದ ವಾಯುವಿನ ವಿದ್ಯಾರ್ಥಿಯಾದರು.

ಇವರ ಮೊದಲನೆಯ ದೊಡ್ಡ ಶೋಧವು ಬಂದುದು 1975ರಲ್ಲಿ. ಅದನ್ನು ತಿಳಿಯಬೇಕಾದರೆ ಭೂಮಿಯು ಶಾಖವನ್ನು ಕಳೆದುಕೊಳ್ಳುವ ಕ್ರಮವನ್ನು ಸ್ವಲ್ಪ ಅರಿತಿರಬೇಕು. ಹಗಲು ಬಿಸಿಲಿನಿಂದ ಕಾದ ನೆಲವು ರಾತ್ರಿ ತಣ್ಣಗಾಗುವುದು ಸರ್ವರಿಗೂ ತಿಳಿದ ವಿಷಯ. ನೆಲದಿಂದ ಹೊರಡುವ ಶಾಖವು ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಆಕಾಶಕ್ಕೆ ಹೋಗುತ್ತದೆ. ಗಾಳಿಯಲ್ಲಿರುವ ನೀರಾವಿ, ಇಂಗಾಲಾಮ್ಲ ವಾಯು ಮುಂತಾದುವು ಅದರಲ್ಲಿ ಒಂದು ಪಾಲನ್ನು ತಡೆದು ಹಿಡಿಯುತ್ತವೆ. ಆದುದರಿಂದಲೇ ಮೋಡ ಕವಿದ ರಾತ್ರಿ ಸೆಕೆಯಾಗಿಯೂ, ಆಕಾಶ ತಿಳಿಯಾಗಿರುವ ಮಾಗಿಯ ರಾತ್ರಿ ಚಳಿಯಾಗಿಯೂ ಇರುವುದು. ಆದರೆ ಶಾಖದ ಕಿರಣಗಳಲ್ಲಿ ಒಂದು ಬಗೆಯವನ್ನು ನೀರಾವಿಯಾಗಲಿ ಇಂಗಾಲಾಮ್ಲವಾಗಲಿ ಹೆಚ್ಚಾಗಿ ತಡೆಯಲಾರವು. ಮನೆಗೆ ಕಿಟಕಿ ಇದ್ದಂತೆ ಭೂಮಿಗೆ ಅದೊಂದು ಕಿಟಕಿ. ಸೋರಿಹೋದ ಕ್ಲೋರೋಫ್ಲೋರೋಕಾರ್ಬನ್ ಅನಿಲವು ಈ ಕಿಟಕಿಯನ್ನೇ ಮುಚ್ಚತಕ್ಕದ್ದೆಂದು ರಾಮನಾಥನ್‌ರವರು ಲೆಕ್ಕದಿಂದ ತೋರಿಸಿದರು. ಈ ಅನಿಲದ ಒಂದು ಟನ್ನು ಇಂಗಾಲಾಮ್ಲ ವಾಯುವಿನ ಸುಮಾರು 10,000 ಟನ್ನುಗಳಷ್ಟು ಶಾಖವನ್ನು ಹಿಡಿಯಬಲ್ಲದು. ಇದೇ ಅನಿಲವು ಓಜೋನ್ ಪದರವನ್ನು ಹಾಳುಮಾಡಬಲ್ಲದೆಂದು ಮೊಲೀನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಹಿಂದಿನ ವರ್ಷವಷ್ಟೇ, ಅಂದರೆ 1974ರಲ್ಲಿ, ಪ್ರಕಟಿಸಿದ್ದರು. ಸಿಕಂದರಾಬಾದಿನಲ್ಲಿ ಯಾವ ಸೋರಿಕೆಯನ್ನು ನಿಲ್ಲಿಸಲು ಹೆಣಗಿದ್ದರೋ ಅದರ ಮುಂದಿನ ಗತಿಯನ್ನು ಇವರು ಹತ್ತು ವರ್ಷ ತುಂಬುವುದರೊಳಗೆ ಲೋಕಕ್ಕೆ ತಿಳಿಸಿದಂತಾಯಿತು. 1987ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಜ್ಯಗಳು ಒಡಂಬಟ್ಟು ಈ ಅನಿಲಗಳ ತಯಾರಿಕೆಯನ್ನು ಕ್ರಮವಾಗಿ ನಿಲ್ಲಿಸುವ ಕರಾರು ಮಾಡಿಕೊಂಡವು. ಕರಾರು ಓಜೋನಿಗಾಗಿ ಆದುದು. ಆದರೂ ಭೂಮಿಯ ಶಾಖವು ಏರುವುದೂ ಅದರಿಂದ ಗಣನೀಯವಾಗಿ ತಗ್ಗಿತು.

1980ರಲ್ಲಿ ರೋಲೆಂಡ್ ಮ್ಯಾಡನ್ ಎಂಬುವರೊಡನೆ ಸೇರಿ, ಇಂಗಾಲಾಮ್ಲದಿಂದಾಗುವ ಶಾಖದ ಏರಿಕೆಯು ವರ್ಷವರ್ಷದ ಸಹಜವಾದ ಏರಿಳಿತಗಳನ್ನು ಮೀರಿ 2000ನೆಯ ಇಸವಿಯ ಹೊತ್ತಿಗೆ ಸ್ಪಷ್ಟವಾಗಿ ಕಾಣಿಸಿಕೊಳ್ಳಬೇಕೆಂದು ಇವರು ಬರೆದರು. 2001ರಲ್ಲಿ ರಾಷ್ಟ್ರಗಳ ವಿಜ್ಞಾನಿಗಳ ಮಂಡಲಿಯು, ಹಿಂದಿನ 50 ವರ್ಷಗಳ ಏರಿಕೆಯಲ್ಲಿ ಬಹುಭಾಗವು ಇಂತಹ ಅನಿಲಗಳಿಂದಲೇ ಆಗಿರುವ ಸಂಭವವಿದೆಯೆಂದು ವರದಿ ಮಾಡಿತು. ಮುಂದೆ ಆಗುವುದನ್ನು ಹೇಳಿದವರು ಬಹುಮಂದಿ; ಹೇಳಿದ ಗಡುವಿನೊಳಗೆ ಅದು ನಿಜವಾಗುವುದನ್ನು ಕಂಡವರು ವಿರಳ. 1985ರಲ್ಲಿ ಮತ್ತೆ ಮೂವರೊಡನೆ ಕೂಡಿ, ಮೀಥೇನ್ ಮೊದಲಾದ ಅಲ್ಪಪ್ರಮಾಣದ ಅನಿಲಗಳೆಲ್ಲ ಒಟ್ಟುಗೂಡಿದರೆ ಇಂಗಾಲಾಮ್ಲದಷ್ಟೇ ಪರಿಣಾಮವನ್ನುಂಟುಮಾಡಬಲ್ಲವೆಂದು ತೋರಿಸಿದರು. ನೀರು ನಿಂತ ಬತ್ತದ ಗದ್ದೆಯಲ್ಲಿ ಕೆಸರನ್ನು ತುಳಿದಾಗ ಗುಳ್ಳೆಗುಳ್ಳೆಯಾಗಿ ಏಳುವ ವಾಯುವಿನಲ್ಲಿ ಹೆಚ್ಚು ಭಾಗವು ಈ ಮೀಥೇನೇ. ಗದ್ದೆಯಲ್ಲಿ ಸದಾ ನೀರನ್ನು ನಿಲ್ಲಿಸದೆ, ನಡುನಡುವೆ ಆರಗೊಟ್ಟು ಮತ್ತೆ ಕಟ್ಟುವ ಕ್ರಮದಿಂದ ಇದು ಬಹಳ ಮಟ್ಟಿಗೆ ಕಡಿಮೆಯಾಗುವುದಲ್ಲದೆ ನೀರೂ ಉಳಿಯುವುದು.

1990ರಲ್ಲಿ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಮುದ್ರವಿಜ್ಞಾನ ಸಂಸ್ಥೆಗೆ ಸೇರಿದ ಮೇಲೆ ಇವರ ದೃಷ್ಟಿಯು ಹುಟ್ಟಿದ ದೇಶದ ಕಡೆಗೆ ತಿರುಗಿತು. ಓಜೋನ್ ಸಂಶೋಧನೆಗಾಗಿ 1995ರಲ್ಲಿ ನೊಬೆಲ್ ಪಾರಿತೋಷಕವನ್ನು ಹೊಂದಿದ್ದ ಪಾಲ್ ಕ್ರುಟ್ಸೆನ್‌ರವರೂ, ಭಾರತದ ಕಡೆಯಿಂದ ಎ. ಪಿ. ಮಿತ್ರರವರೂ ಇವರೊಡನೆ ಸೇರಿ ಹಿಂದೂ ಮಹಾಸಾಗರದ ಪರೀಕ್ಷಾ ಯೋಜನೆಯನ್ನು ಹೂಡಿದರು. 1999ರ ಜನವರಿಯಿಂದ ಮಾರ್ಚಿಯವರೆಗೆ ಇನ್ನೂರಕ್ಕೆ ಮೇಲ್ಪಟ್ಟ ವಿಜ್ಞಾನಿಗಳು ಮಾಲ್ಡೀವ್ಸ್ ದ್ವೀಪಗಳನ್ನು ನೆಲೆಯಾಗಿ ಮಾಡಿಕೊಂಡು ವಿಮಾನಗಳಿಂದಲೂ ಹಡಗುಗಳಿಂದಲೂ ಗಾಳಿಯನ್ನು ಪರೀಕ್ಷಿಸಿದರು. ಭಾರತದ ಸಾಗರ ಕನ್ಯಾ ಎಂಬ ಸಂಶೋಧನೆಯ ಹಡಗೂ ಇದರಲ್ಲಿ ಭಾಗವಹಿಸಿತು.

ಕರೆಯಿಂದ ನೂರಾರು ಮೈಲಿ ದೂರದ ಸಮುದ್ರದ ಮೇಲೆ ಗಾಳಿಯು ತಿಳಿಯಾಗಿರಬೇಕೆಂಬುದು ಸಾಮಾನ್ಯವಾದ ಭಾವನೆ. ಅಲ್ಲಿ ಕಂಡುಬಂದುದು ಕಂದುಬಣ್ಣದ ಮುಸುಕು. ಅದರ ದಪ್ಪ ಸುಮಾರು 3 ಕಿಲೋಮೀಟರು. ಹರವು ಸುಮಾರು 1 ಕೋಟಿ ಚದರ ಕಿಲೋಮೀಟರು, ಅಂದರೆ ಭಾರತದ ಮೂರರಷ್ಟು. ಮುಸುಕಿನ ಕೆಳಗೆ ಸಮುದ್ರದ ಮೈಯನ್ನು ಮುಟ್ಟುವ ಬಿಸಿಲು ನೂರಕ್ಕೆ ಸುಮಾರು 10ರಂತೆ ಕಡಿಮೆಯಾಗಿದ್ದಿತು. ಮಾಲ್ಡೀವ್ಸಿನ ಕಾಶಿಧೂ ದ್ವೀಪದ ಅಳತೆಗಳನ್ನು ಆಧರಿಸಿ 2000ದಲ್ಲಿ ಇವರೊಡನೆ ಪ್ರಬಂಧವನ್ನು ಬರೆದ ಎಸ್. ಕೆ. ಸತೀಶ್‌ರವರು ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿಯೇ ಪ್ರಾಧ್ಯಾಪಕರಾದರು. ಮುಸುಕಿನಿಂದ ನೆಲಮಟ್ಟದಲ್ಲಿ ನಷ್ಟವಾಗುವ ಬಿಸಿಲು, ಆಕಾಶಕ್ಕೆ ಮರಳಿ ಹೋಗುವ ಬಿಸಿಲಿಗಿಂತ ಬಹಳ ಹೆಚ್ಚೆಂಬುದು ಆ ಪ್ರಬಂಧದ ಸಾರಾಂಶ. ಹಾಗಾದರೆ ನಡುವಣ ಬಿಸಿಲು ಎಲ್ಲಿ ಹೋಯಿತು? ಹೊಗೆಯಲ್ಲಿರುವ ಮಸಿಯು, ಅಂದರೆ ಅಡಿಗೆಮನೆಯ ತೊಲೆಗಳಿಂದ ಇಲ್ಲಣವಾಗಿ ಜೋತುಬೀಳುವ ಆ ಕಪ್ಪು ಪದಾರ್ಥವೇ, ಅದನ್ನು ನುಂಗಿ ಸುತ್ತಣ ಗಾಳಿಯನ್ನು ಕಾಯಿಸುತ್ತದೆ. ನೆಲವು ತಂಪಾಗುವುದು, ಮೇಲಣ ಗಾಳಿಯು ಬಿಸಿಯಾಗುವುದು. ಒಂದೇ ಹೊಗೆಯಿಂದ ಎರಡು ವಿರುದ್ಧ ಕೆಲಸಗಳು. ಇದನ್ನು ನೇರವಾಗಿ ಅಳೆಯಲು 2006ರ ಮಾರ್ಚಿಯಲ್ಲಿ ಚಾಲಕರಿಲ್ಲದ ಮೂರು ಪುಟ್ಟ ವಿಮಾನಗಳನ್ನು, ಮುಸುಕಿನ ಕೆಳಗೊಂದು, ಒಳಗೊಂದು, ಮೇಲೊಂದರಂತೆ, ಏಕಕಾಲದಲ್ಲಿ ಹಾರಿಸಲಾಯಿತು. ಕೆಳಗಣ ವಾಯುಮಂಡಲವು ಬಿಸಿಲಿನಿಂದ ಕಾಯುವುದು ಈ ಮುಸುಕಿನ ದೆಸೆಯಿಂದ ನೂರಕ್ಕೆ ಸುಮಾರು 50ರಷ್ಟು ಹೆಚ್ಚುತ್ತದೆಂದು 2007ರಲ್ಲಿ ಫಲಿತಾಂಶವು ಪ್ರಕಟವಾಯಿತು.

ಇದು ಮಳೆಗೆ ಹೇಗೆ ಸಂಬಂಧಿಸುತ್ತದೆಂಬುದೇ ರೈತನಿಗೆ ಮುಖ್ಯವಾದ ಪ್ರಶ್ನೆ. ಬಿಸಿಯಾದ ವಾದಗಳೂ ಇದರ ಮೇಲೆಯೇ ನಡೆದುವು. ರಾಮನಾಥನ್‌ರವರ ಪಕ್ಷವು ಹೀಗೆ: ಮುಂಗಾರಿನ ಮಳೆಯೆಂಬುದು ಸಮುದ್ರದಿಂದ ಆವಿಯಾಗಿ ಎದ್ದ ನೀರು. ಸಮುದ್ರದ ಮೇಲೆ ಬೀಳುವ ಬಿಸಿಲು ಕಡಿಮೆಯಾದರೆ ಏಳುವ ಆವಿಯೂ ಕಡಿಮೆ. ಮೇಲಾಗಿ ಹೊಗೆಯ ಮುಸುಕು ಹಿಂದೂ ಮಹಾಸಾಗರದ ಉತ್ತರಭಾಗದ ಮೇಲೆ ಮಾತ್ರ ದಟ್ಟವಾಗಿರುವುದರಿಂದ, ಉತ್ತರ ದಕ್ಷಿಣ ಭಾಗಗಳ ನೀರಿನ ಶಾಖದ ತಾರತಮ್ಯವು ಕುಗ್ಗಿ ಮುಂಗಾರಿನ ಬಲವೂ ಕುಗ್ಗುತ್ತದೆ. 2005ರಲ್ಲಿ ಪ್ರಕಟವಾದ ಇವರ ಲೆಕ್ಕಗಳು ಈ ಅಭಿಪ್ರಾಯವನ್ನೇ ಬಲಪಡಿಸಿದುವು.

ಇದಕ್ಕೆ ಮೊದಲೇ, 2002ರಲ್ಲಿ ವಿಶ್ವಸಂಸ್ಥೆಯ ಪರಿಸರ ಶಾಖೆಯು ಈ ಮುಸುಕನ್ನು 'ಏಷ್ಯದ ಕಂದು ಮೋಡ'ವೆಂದು ಹೆಸರಿಸಿ ವರದಿಯನ್ನು ಹೊರಡಿಸಿದಾಗ ಭಾರತದಲ್ಲಿ ತೀವ್ರವಾದ ಆಕ್ಷೇಪಣೆಗಳು ಹುಟ್ಟಿದುವು. ಆಕ್ಷೇಪಿಸಿದವರಲ್ಲಿ ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಜೆ. ಶ್ರೀನಿವಾಸನ್‌ರವರೂ ಸುಲೋಚನಾ ಗಾಡ್ಗೀಳ್‌ರವರೂ ಇದ್ದರು. ಇಂತಹ ಮುಸುಕು ಏಷ್ಯಕ್ಕೆ ಮಾತ್ರ ಮೀಸಲಾದುದಲ್ಲ. ಮೇಲಾಗಿ ಇದು ಚಳಿಗಾಲದಿಂದ ಬೇಸಗೆಯವರೆಗೆ ಇರುವಂತಹುದು, ಮುಂಗಾರು ಬಿದ್ದೊಡನೆ ತೊಳೆದುಹೋಗುವುದು. ಮಳೆಗೂ ಬೆಳೆಗೂ ಹಾನಿಯೆಂಬ ಮಾತಿಗೆ ಆಗ ಇದ್ದ ಆಧಾರವು ಸಾಲದೆಂಬುದು ಇವರ ವಾದ. ರಾಮನಾಥನ್, ಕ್ರುಟ್ಸೆನ್, ಮಿತ್ರ ಮೊದಲಾದವರು ಅದೇ ವರ್ಷ, ಅದೇ ಪತ್ರಿಕೆಯಲ್ಲಿ ಉತ್ತರ ಬರೆದರು. ಕಡೆಗೆ ಹೆಸರಿನಿಂದ 'ಏಷ್ಯ' ಎಂಬುದನ್ನು ಬಿಟ್ಟು 'ವಾಯುಮಂಡಲದ ಕಂದು ಮೋಡಗಳು' ಎಂದು ಕರೆಯಲಾಯಿತು. ಅಮೆರಿಕದ ವಿಲಿಯಂ ಲಾ ಎಂಬ ವಿಜ್ಞಾನಿಯು 2006ರಲ್ಲಿ ಇನ್ನೊಂದು ಮಾತನ್ನು ಮುಂದಿಟ್ಟರು: ಹಿಮಾಲಯದ ತಪ್ಪಲಿನಲ್ಲಿ ನಿಂತ ಮಸಿಯೂ ಧೂಳೂ ಗಾಳಿಯನ್ನು ಕಾಯಿಸಿ ಮೇಲೆತ್ತುವುದರಿಂದ, ಮುಂಗಾರಿನ ಆರಂಭದಲ್ಲಿ ಮಳೆಯು ಹೆಚ್ಚಲೂಬಹುದು ಎಂದು. ಆದುದರಿಂದ ಒಂದು ವರ್ಷ ಒಂದು ಹೋಬಳಿಯಲ್ಲಿ ಮಳೆ ಹಿಡಿದರೆ ಅದಕ್ಕೆ ಹೊಗೆಯೇ ಕಾರಣವೆಂದು ಯಾರಾದರೂ ಹೇಳಿದರೆ ಅದನ್ನು ನಂಬತಕ್ಕದ್ದಲ್ಲ. ಹೊಗೆಯು ಬಿಸಿಲನ್ನು ಕದಿಯುತ್ತದೆಂಬುದು ಅಳತೆಯಿಂದ ಸಿದ್ಧವಾದ ಸಂಗತಿ. ಮಳೆಯನ್ನು ಎಷ್ಟು, ಎಲ್ಲಿ, ಯಾವ ತಿಂಗಳಲ್ಲಿ ಬದಲಾಯಿಸುತ್ತದೆಂಬುದು ಲೆಕ್ಕಾಚಾರದ ಮೇಲೆ ನಿಂತ ಸಂಗತಿ.

ಬೆಳೆಯ ವಿಚಾರವನ್ನು ರಾಮನಾಥನ್‌ರವರು ಅರ್ಥಶಾಸ್ತ್ರಜ್ಞರಾದ ಆಫ್‌ಹ್ಯಾಮರ್ ಮತ್ತು ವಿನ್ಸೆಂಟ್ ಎಂಬುವರೊಡನೆ ಕೈಗೊಂಡರು. ಭಾರತದ ಬತ್ತದ ಉತ್ಪತ್ತಿಯ ಹಳೆಯ ಅಂಕಿಗಳನ್ನು ವಾಯುಗುಣದ ಲೆಕ್ಕಗಳೊಡನೆ ಜೋಡಿಸಿ 2006ರಲ್ಲಿ ಇವರು ಪ್ರಕಟಿಸಿದ ಪ್ರಬಂಧಕ್ಕೆ ಹಿನ್ನೆಲೆಯಾಗಿ ಒಂದು ಸಮಾಧಾನದ ಮಾತು ಪ್ರಚಾರದಲ್ಲಿದ್ದಿತು. ಅನಿಲಗಳು ಭೂಮಿಯನ್ನು ಕಾಯಿಸುತ್ತವೆ, ಹೊಗೆಯು ನೆಲವನ್ನು ತಂಪಾಗಿಸುತ್ತದೆ. ಆದುದರಿಂದ ಒಂದರ ಕೇಡನ್ನು ಇನ್ನೊಂದು ಸ್ವಲ್ಪಮಟ್ಟಿಗೆ ಸರಿದೂಗಿಸೀತು ಎಂಬುದೇ ಆ ಮಾತು. ಬತ್ತದ ಪಾಲಿಗೆ ಅದು ಸರಿಯಲ್ಲವೆಂದು ಈ ಮೂವರು ಕಂಡರು. ಎರಡೂ ಕಡಿಮೆಯಾಗಿದ್ದರೆ ಫಸಲು ಎರಡು ದಾರಿಯಿಂದಲೂ ಹೆಚ್ಚುತ್ತಿದ್ದಿತು. 1980ರ ದಶಕದಿಂದೀಚೆಗೆ ದೇಶದ ಬತ್ತದ ಉತ್ಪತ್ತಿಯ ಬೆಳವಣಿಗೆಯು ನಿಧಾನವಾದುದಕ್ಕೆ ಇವೂ ಕಾರಣಗಳಲ್ಲಿ ಸೇರಿವೆ. 2012ರಲ್ಲಿ ಇದೇ ಮೂವರು ಮಳೆಯಾಶ್ರಯದ ಬತ್ತವನ್ನು ಮತ್ತೆ ಪರಿಶೀಲಿಸಿದಾಗ, ಮಳೆಯ ಕೊರತೆಯ ಜೊತೆಗೆ ರಾತ್ರಿಯ ಸೆಕೆಯೂ ಇಳುವರಿಯನ್ನು ತಗ್ಗಿಸುತ್ತಿರುವುದು ಕಂಡುಬಂದಿತು. ಪೈರು ಹಗಲು ಕೂಡಿಟ್ಟುದನ್ನು ಸೆಕೆಯ ರಾತ್ರಿ ಉಸಿರಾಟದಲ್ಲಿ ಹೆಚ್ಚಾಗಿ ಕಳೆದುಕೊಳ್ಳುವುದೆಂಬುದು ಸಸ್ಯಶಾಸ್ತ್ರಕ್ಕೆ ತಿಳಿದ ವಿಷಯವೇ. ಗೋದಿಯ ಮೇಲಣ ಲೆಕ್ಕವು ಇನ್ನೂ ಗಾಬರಿಗೊಳಿಸತಕ್ಕದ್ದು. ಜೆನಿಫರ್ ಬರ್ನಿಯವರೊಡನೆ 2014ರಲ್ಲಿ ಪ್ರಕಟಿಸಿದಂತೆ, 2010ರಲ್ಲಿ ಭಾರತದ ಗೋದಿಯ ಇಳುವರಿಯು, ವಾಯುಗುಣವೂ ಹೊಗೆಯೂ ಹಿಂದಿನಂತೆಯೇ ಇದ್ದಿದ್ದರೆ ಬರತಕ್ಕದ್ದಕ್ಕಿಂತ, ನೂರಕ್ಕೆ 36ರವರೆಗೆ ಕಡಿಮೆಯಾಗಿದ್ದಿತು. ಇದರ ಬಹುಪಾಲು ಮಸಿಯಿಂದಲೂ, ಹೊಗೆಯ ಅನಿಲಗಳ ಮೇಲೆ ಬಿಸಿಲು ಬಿದ್ದು ನೆಲದ ಬಳಿ ಹುಟ್ಟುವ ಓಜೋನಿನಿಂದಲೂ ಆದುದು. ಮೇಲಣ ಆಕಾಶದಲ್ಲಿ ನಮ್ಮನ್ನು ಕಾಯುವ ಓಜೋನು ಪೈರಿನ ಎಲೆಗೆ ಮಾತ್ರ ವಿಷ. ಇವು ಕಣದಲ್ಲಿ ತೂಗಿದ ನಷ್ಟಗಳಲ್ಲ, ಬರಬಹುದಾಗಿದ್ದ ಬೆಳೆಯ ಅಂದಾಜುಗಳೆಂಬುದನ್ನು ಮಾತ್ರ ಮರೆಯಲಾಗದು.

ಈ ಹೊಗೆಯಲ್ಲಿ ಯಾರ ಪಾಲೆಷ್ಟೆಂಬುದನ್ನು ಸ್ವೀಡನ್ ದೇಶದ ಗುಸ್ತಾಫ್‌ಸನ್ ಮತ್ತು ಅವರ ಸಂಗಡಿಗರು 2009ರಲ್ಲಿ ಒಂದು ಚಮತ್ಕಾರದ ವಿಧಾನದಿಂದ ಕಂಡುಕೊಂಡರು. ಇತ್ತೀಚೆಗೆ ಬೆಳೆದ ಸೌದೆ, ಹುಲ್ಲು, ಬೆರಣಿಗಳಲ್ಲಿ ವಿಶಿಷ್ಟವಾದ ಒಂದು ಬಗೆಯ ಇಂಗಾಲವು ಅಲ್ಪಾಂಶದಲ್ಲಿರುವುದು. ಕೋಟ್ಯಂತರ ವರ್ಷ ನೆಲದಡಿಯಲ್ಲಿದ್ದ ಕಲ್ಲಿದ್ದಲು, ಎಣ್ಣೆಗಳಲ್ಲಿ ಅದು ಪೂರ್ತಿ ನಶಿಸಿರುವುದು. ಪುಣೆಯ ಬಳಿಯ ಸಿಂಹಗಡದಲ್ಲಿಯೂ ಮಾಲ್ಡೀವ್ಸಿನಲ್ಲಿಯೂ ಹಿಡಿದ ಮಸಿಯನ್ನು ಹೀಗೆ ಪರೀಕ್ಷಿಸಲಾಗಿ, ಅದರ ಸುಮಾರು ಮೂರರಲ್ಲಿ ಎರಡು ಪಾಲು ಸೌದೆ, ಬೆರಣಿ, ಬೆಳೆಯ ಕಸಗಳನ್ನು ಸುಟ್ಟುದರಿಂದ ಬಂದುದೆಂದು ಗೊತ್ತಾಯಿತು. ಪಂಜಾಬು ಹರಿಯಾಣಗಳಲ್ಲಿ ಬತ್ತದ ಕೂಳೆಗೆ ಬೆಂಕಿಯಿಡುವುದು ಪ್ರಸಿದ್ಧವಾಗಿದೆ. ಕಬ್ಬಿನ ರವದಿಯನ್ನು ಗದ್ದೆಯಲ್ಲಿಯೇ ಸುಡುವುದು ಕನ್ನಡ ನಾಡಿನಲ್ಲಿಯೂ ಅಪರೂಪವಲ್ಲ. ಹೀಗೆ ಸುಟ್ಟುದರಲ್ಲಿ ಸಾರಜನಕವು ಗಾಳಿಗೆ ಹೋಗಿ, ಅದನ್ನೇ ಮರುವರ್ಷ ಮೂಟೆಯಲ್ಲಿ ಕೊಂಡುತರಬೇಕಾಗುವುದು. ಗೊಬ್ಬರದ ಗುಂಡಿಗೆ ಹಾಕಿದರೆ ಅಥವಾ ಸಾಲುಗಳ ನಡುವೆ ಹೊದಿಸಿದರೆ ಆ ಖರ್ಚಿನಲ್ಲಿ ಒಂದು ಭಾಗ ಉಳಿಯುವುದು.

ಇಷ್ಟರಿಂದ ಬಡವರ ಒಲೆಯೇ ಲೋಕದ ಶಾಖಕ್ಕೆಲ್ಲ ಕಾರಣವೆಂದು ತಿಳಿಯುವುದು ತಪ್ಪಾಗುವುದು. ಇಂಗಾಲಾಮ್ಲದ ಬಹುಪಾಲು ಸಂಪನ್ನರಿಂದ ಆದುದೆಂದೂ, ಅದರ ಕಷ್ಟವನ್ನು ಹೆಚ್ಚಾಗಿ ಅನುಭವಿಸತಕ್ಕವರು ಬಡವರಾದ 300 ಕೋಟಿ ಜನರೆಂದೂ ರಾಮನಾಥನ್‌ರವರು 2014ರಲ್ಲಿ ಪೋಪ್ ಫ್ರಾನ್ಸಿಸ್‌ರವರಿಗೆ ಹೇಳಿದರು. ಮಾತನಾಡಲು ದೊರೆತುದು ಎರಡು ವಾಕ್ಯಗಳಿಗೆ ಸಾಲುವಷ್ಟು ಸಮಯ. ಸ್ಥಳವು ವ್ಯಾಟಿಕನ್ನಿನಲ್ಲಿ ಮೋಟಾರುಗಳನ್ನು ನಿಲ್ಲಿಸುವ ಅಂಗಳ. ಆದರೂ ಮಸಿಗೂ ಇಂಗಾಲಾಮ್ಲಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಇಂದು ಹೊರಬಿಟ್ಟ ಇಂಗಾಲಾಮ್ಲದಲ್ಲಿ ಒಂದು ಪಾಲು ನೂರಾರು ವರ್ಷ ಗಾಳಿಯಲ್ಲಿರುವುದು. ಮಸಿಯು ಒಂದೆರಡು ವಾರಗಳಲ್ಲಿ ಮಳೆಯೊಡನೆಯೋ ತಾನಾಗಿಯೋ ಕೆಳಗೆ ಬೀಳುವುದು. ಹೊಗೆಯನ್ನು ಈ ತಿಂಗಳು ನಿಲ್ಲಿಸಿದರೆ ಬರುವ ತಿಂಗಳೇ ಬಿಸಿಲು ತಿಳಿಯಾಗುವುದು.

ಈ ಕಾರಣದಿಂದಲೇ ಇವರು 2009ರಲ್ಲಿ 'ಸೂರ್ಯ' ಎಂಬ ಯೋಜನೆಯನ್ನು ಉತ್ತರಪ್ರದೇಶದ ಗ್ರಾಮಗಳಲ್ಲಿ ಆರಂಭಿಸಿದರು. ಸೌದೆಯ ಒಲೆಯ ಮುಂದೆ ಕೆಮ್ಮುತ್ತಾ ಅಡಿಗೆ ಮಾಡುತ್ತಿದ್ದ ತಮ್ಮ ಅಜ್ಜಿಯವರ ನೆನಪನ್ನು ಇವರು ಈ ಸಂಬಂಧದಲ್ಲಿ ಹೇಳುವುದುಂಟು. ಮಣ್ಣಿನ ಒಲೆಗಳಿಗೆ ಬದಲಾಗಿ ಕೆಲವು ಬಗೆಯ ಸುಧಾರಿಸಿದ ಒಲೆಗಳನ್ನು ಕೊಟ್ಟು, ಗಾಳಿಯಲ್ಲಿ ಮಸಿಯು ಎಷ್ಟು ತಗ್ಗಿತೆಂದು ಅಳೆಯುವುದು ಉದ್ದೇಶ. ಒಳಗೆ ಪುಟ್ಟ ಬೀಸಣಿಗೆಯಿದ್ದು ಗಾಳಿಯನ್ನು ಒತ್ತಿ ಊದುವ ಒಲೆಗಳಲ್ಲಿ ಮಸಿಯು ಚೆನ್ನಾಗಿ ತಗ್ಗುವುದೆಂದೂ, ಬೀಸಣಿಗೆಯಿಲ್ಲದವುಗಳಲ್ಲಿ ಫಲವು ಏರುಪೇರಾಗಿರುವುದೆಂದೂ 2012ರಲ್ಲಿ ಪ್ರಕಟವಾಯಿತು. ಒಲೆಯ ಹೆಸರಿಗೆ 'ಸುಧಾರಿಸಿದ' ಎಂಬ ಮಾತು ಸೇರಿದ್ದ ಮಾತ್ರಕ್ಕೆ ಹೊಗೆ ಹೋಗುವುದಿಲ್ಲವೆಂದಾಯಿತು.

ಅಳೆಯುವ ಕ್ರಮವು ಸರಳವಾದುದು. ಅಡಿಗೆಮನೆಯಲ್ಲಿ ಒಂದು ಪುಟ್ಟ ಯಂತ್ರವು ಬಿಳಿಯ ಸೋಸುಕಾಗದದ ಮೂಲಕ ಗಾಳಿಯನ್ನು ಎಳೆಯುವುದು. ಹೊತ್ತು ಕಳೆದ ಮೇಲೆ ಕಾಗದವನ್ನು ತೆಗೆದು, ಬಣ್ಣದ ಮಾದರಿಗಳ ಪಕ್ಕದಲ್ಲಿರಿಸಿ ಮೊಬೈಲ್ ಟೆಲಿಫೋನಿನಿಂದ ಅದರ ಚಿತ್ರ ತೆಗೆದು ಕಳುಹಿಸಿದರೆ, ಕಾಗದದ ಕಪ್ಪಿನಿಂದ ಮಸಿಯ ಪ್ರಮಾಣವು ಗೊತ್ತಾಗುವುದು. ಆದರೆ ಒಲೆಯನ್ನು ಕೊಡುವುದು ಬೇರೆ, ಅದರಲ್ಲಿ ಅಡಿಗೆ ನಡೆಯುವುದು ಬೇರೆ. ಹೊಸ ಒಲೆಯನ್ನು ಮೂಲೆಯಲ್ಲಿಟ್ಟು ಹಳೆಯದರಲ್ಲಿಯೇ ಬೇಯಿಸುವುದು ಎಲ್ಲ ಸೀಮೆಗಳಲ್ಲಿಯೂ ಕಂಡುಬಂದ ಸಂಗತಿ. ಆದುದರಿಂದ ಮುಂದೆ ಒಡಿಶಾದ ಹಳ್ಳಿಗಳಲ್ಲಿ ಒಲೆಗೇ ಒಂದು ಶಾಖಮಾಪಕವನ್ನು ಕಟ್ಟಿ, ಅದು ಎಷ್ಟು ಹೊತ್ತು ಉರಿಯಿತೆಂಬುದನ್ನು ದೂರದಿಂದಲೇ ತಿಳಿದು, ಉರಿದ ಲೆಕ್ಕಕ್ಕೆ ಸರಿಯಾಗಿ ಮನೆಯ ಹೆಂಗಸಿಗೆ ಹಣವನ್ನು ಸಲ್ಲಿಸುವ ಏರ್ಪಾಡನ್ನು ಪರೀಕ್ಷಿಸಲಾಯಿತು. ಹಣವು ಯಜಮಾನನ ಕೈಗೆ ಹೋಗದೆ, ಒಲೆಯ ಮುಂದೆ ಕುಳಿತವಳಿಗೇ ಸೇರುವಂತೆ ಮಾಡಿದುದು ಈ ಏರ್ಪಾಡಿನ ವಿಶೇಷ.